ನೂರಾ ಇಪ್ಪತ್ತು ತಾಸು

ನಾಕು ಕ್ರೆಡಿಟ್ ಬೇಕಂದ್ರ ನೂರಾ ಇಪ್ಪತ್ತು ತಾಸು
ಎಲ್ಲ್ಯಾದರೂ ನಿಂತಿರಬೇಕು, ನಿಂತದ್ದಕ್ಕ ಸಹಿ ಇರಬೇಕು.
ಕಲಶೆಟ್ಟಿ ಸರ್ ಹೇಳಿದ್ದು ಇಷ್ಟ:
'ಠಾಣೆ, ಕೋರ್ಟು, ಜೈಲು, ಯಾವುದಾದ್ರೂ ಒಂದು ಹಿಡಿ ತಂಗಿ,
ಜೂನ್ ಮುಗಿಯೂದ್ರಾಗ ಶಿಕ್ಕಾ ಬಿದ್ದ ಕಾಗದ ತಾ.'

ನಾ ಮೊದಲು ಹಿಡಿದದ್ದು ಆಟೋ.

ಠಾಣೆಯಾಗ ಕೇಳಿದ್ರು, 'ಏನವಾ, ಕಂಪ್ಲೇಂಟೇನು?'
ಇಲ್ರಿ, ಇಂಟರ್ನ್‌ಶಿಪ್, ಅಂದೆ.
ರೈಟರು ಪೆನ್ನಿನ ಟೊಪಿಗಿ ತಗದು ಮತ್ತ ಹಾಕಿದ.
'ಅದು ಯಾವ ಕಲಮಿನಾಗ ಬರ್ತದ?'

ಕಮಿಷನರ್ ಆಫೀಸಿನವರು ಜೈಲಿಗಿ ಬರಿ ಅಂದ್ರು,
ಜೈಲಿನವರು ಬೆಂಗಳೂರಿಗಿ ಬರಿ ಅಂದ್ರು,
ಬೆಂಗಳೂರು ಏನೂ ಅನಲಿಲ್ಲ.
ಮೇ ತಿಂಗಳ ಬಿಸಲು ಜಗತ್ ಸರ್ಕಲ್‌ನಾಗ ಡಾಂಬರು ಮೆತ್ತಗ ಮಾಡಿ
ನನ್ನ ಚಪ್ಪಲಿಯ ಅಚ್ಚು ತಗೊಂಡಿತು;
ಅಷ್ಟು ದಿನದಾಗ ಬಿದ್ದ ಶಿಕ್ಕಾ ಅದೊಂದ.

ಕೊನೀಗಿ ಕೋರ್ಟಿನ ಹಿಂದ, ಕಾನೂನು ನೆರವಿನ ಖೋಲಿ.
ರಾಜಮತಿ ಬಿರಾದಾರ ವಕೀಲರು ಸುಸಲಾ ತಿನಕೋತ ಅರ್ಜಿ ಓದಿದ್ರು,
ಒಂದು ಚುರಮುರಿ ಕಾಳು ನನ್ನ ಹೆಸರಿನ ಮ್ಯಾಲ ಬಿತ್ತು.
'ಅಕ್ಷರ ಚಂದ ಅದ. ನಾಳಿಗಿ ಬಾ.
ಇಲ್ಲಿ ಕನ್ನಡ ಬರೀಬೇಕು, ಉರ್ದು ಕೇಳಬೇಕು,
ಲಂಬಾಣಿ ಬಂದ್ರ ಪುಣ್ಯ.'
ತಾಂಡಾದಾಗಿನ ಯಾಡಿ ನೆನಪಾದಳು. ಬರ್ತದ್ರಿ, ಅಂದೆ.

ಜೈಲಿಗಿ ಹೋದದ್ದು ಮೂರನೇ ವಾರ, ಅವರ ಹಿಂದ, ಫೈಲು ಹೊತಗೊಂಡು.
ಮೊಬೈಲು ಗೇಟಿನಾಗ ಇಸಕೊಂಡ್ರು, ಮುಂಗೈಗೊಂದು ಶಿಕ್ಕಾ ಒತ್ತಿದ್ರು:
'ಹೊರಗ ಹೋಗೂ ಮುಂದ ತೋರಸಬೇಕು. ಅಳಿಸಬ್ಯಾಡ.'
ಬೆವರಿಗಿ ಹೋದೀತಂತ
ಕೈ ಗಾಳಿಗಿ ಹಿಡಕೊಂಡೇ ಕೂತೆ.

ದೌಲಪ್ಪ. ವಿಚಾರಣಾಧೀನ. ಪಂಪಸೆಟ್ಟಿನ ಕಳವು.
ಎರಡು ವರ್ಷ ಒಂದು ತಿಂಗಳು ಒಂಬತ್ತು ದಿನ.
ಜಾಮೀನಿಗಿ ಪಹಣಿ ಯಾರೂ ಕೊಡವಲ್ಲರು.
ನಾ ಹಾಳಿಮ್ಯಾಲ ತಾಸು ಬರಕೊಳ್ಳೂದು ನೋಡಿ ಕೇಳಿದ,
'ಬಾಯಿ, ನೀವೂ ಎಣಸತೀರಿ?'
ಎಣಸತೀನಿ. ನೂರಾ ಇಪ್ಪತ್ತಾದ್ರ ನಾಕು ಕ್ರೆಡಿಟ್.
'ನಂದೂ ಹಿಡೀತಾರೇನ್ರಿ, ಯಾವುದಕ್ಕರ?'

ವಕೀಲರು ಚಾಳೀಸು ತಗದು ಸೆರಗಿಗಿ ಒರಸಿದ್ರು.
ಶಿಕ್ಷಾ ಆದ್ರ ಹಿಡೀತಾರ, ದೌಲಪ್ಪ.
ಒಳಗಿದ್ದ ದಿನಾ ಎಲ್ಲಾ ಶಿಕ್ಷಾದಾಗ ವಜಾ.

'ನಾ ಮಾಡಿಲ್ಲ ಅಂತಾದ್ರ?'

ಮಾಡಿಲ್ಲ ಅಂತಾದ್ರ
ಹಿಡಿಲಾಕ ಕಾಲಮ್ಮೇ ಇಲ್ಲ.
ನಾ ನನ್ನ ಹಾಳಿ ಬೋರಲು ಹಾಕಿದೆ.

ನನ್ನ ನೂರಾ ಇಪ್ಪತ್ತು ಹನ್ನೆರಡನೇ ತಾರೀಖಿಗಿ ತುಂಬಿತು.
ಸರ್ ಶಿಕ್ಕಾ ನೋಡಿದ್ರು, ತಾಸು ನೋಡಲಿಲ್ಲ.
ನಾಕಕ್ಕ ನಾಕು.

ದೌಲಪ್ಪನ ಜಾಮೀನು ಅರ್ಜಿ ಹದಿನೇಳಕ್ಕ ಅದ.
ಅಕ್ಷರ ನಂದು, ಸಹಿ ವಕೀಲರದು,
'ಪಹಣಿ ಇಲ್ಲದ ಬಿಡ್ರಿ' ಅಂಬುದನ್ನ
ಮೂರು ಸಲ ಬರದು ಮೂರು ಸಲ ಮೆತ್ತಗ ಮಾಡಿದ್ದು.

'ಮುಗೀತಂದಿ, ಮತ್ಯಾಕ ಬುತ್ತಿ?' ಅಂದಳು ಯಾಡಿ.
ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು
ಎಂಟೂವರಿ ಬಸ್ಸು ಹತ್ತಿದೆ.
ಕಂಡಕ್ಟರಿಗಿ ರೊಕ್ಕ ಕೊಡೂ ಮುಂದ ಮುಂಗೈ ನೋಡಕೊಂಡೆ:
ಶಿಕ್ಕಾ ಹೋಗಿ ಭಾಳ ದಿನ ಆಗಿತ್ತು.