ಹಾಸುಗಲ್ಲಿನ ಮ್ಯಾಲ

ಶಹಾಬಾದದಾಗ ನಮ್ಮ ಓಣಿಗಿ ಐದು ದಿನಕ್ಕೊಮ್ಮೆ ನಳ ಬರ್ತದ,
ಅದೂ ನಸುಕಿನ ನಾಕಕ್ಕ.
ಕೊಡ, ಬಕೀಟು, ಟಾಕಿ, ಹಾಲಿನ ಗಿಂಡಿ,
ಕಡೀಗಿ ಭೀಮ್ಯಾನ ಪ್ಲಾಸ್ಟಿಕ್ ಲಾರಿಗೂ
ಒಂದು ಚಟಾಕು ತುಂಬಿಟ್ಟೆ.
"ನನ್ನ ನೀರು ಯಾರೂ ಮುಟ್ಟಬ್ಯಾಡ್ರಿ" ಅಂದ.

ಈಗ ಮಧ್ಯಾಹ್ನ ಎರಡು. ಕರೆಂಟ್ ಇಲ್ಲ.
ರೊಟ್ಟಿ ಬಡದ ಕೈ ಇನ್ನೂ ಕಾದದ.
ಹೊಲಿಯೂ ಕುಬಸ ಮೂರು ಬಾಕಿ,
ಮುಂಜಾನೇನೇ ನಸೀಮಾ ಬೈದು ಹೋಗ್ಯಾಳ.

ಇಂವ ಲಾರಿ ನೀರು ಕಾಲಮ್ಯಾಲ ಸುರಕೊಂಡು
ಓಡಿದ ನೋಡ್ರಿ, ಪಡಸಾಲಿಯಿಂದ ಅಡಗಿಮನಿ ತನಾ
ಬೂದಿಬಣ್ಣದ ಕಲ್ಲಿನಮ್ಯಾಲ ಕರಿ ಹೆಜ್ಜಿ,
ಒಂದು, ಎರಡು, ಹನ್ನೊಂದು.
ಒರಸೂ ಅರಬಿ ಹಿಡದು ಎದ್ದೆ,
ಬೈಯಾಕ ಬಾಯಿನೂ ತೆರದಿದ್ದೆ.

ಅಷ್ಟರಾಗ ಮೊದಲಿನ ಹೆಜ್ಜಿ ಆರಾಕ ಹತ್ತಿತು.
ಹಿಮ್ಮಡ ಹೋತು.
ನಡುಪಾದ ಹೋತು, ನಾಕು ಬಟ್ಟು ಹೋದವು.
ಹೆಬ್ಬಟ್ಟು ಒಂದೇ ಉಳೀತು,
ಮೊದಲು ರೂಪಾಯಷ್ಟು, ಆಮ್ಯಾಲ ತೊಗರಿ ಕಾಳಷ್ಟು.
ಇಬ್ಬರೂ ಬಗ್ಗಿ ಉಸಿರು ಹಿಡಕೊಂಡು ನೋಡಿದಿವಿ.

ಅದೂ ಹೋತು.

"ಎಲ್ಲಿಗಿ ಹೋತವ್ವಾ?"
"ಮ್ಯಾಲ."
ಅಂವ ತಲಿ ಎತ್ತಿ ಭಾಳ ಹೊತ್ತು ನೋಡಿದ.
ಮ್ಯಾಲ ನಿಂತ ಫ್ಯಾನು, ಅದರ ಧೂಳು.

ಕುಬಸ ಮೂರೂ ಹಂಗೇ ಬಿದ್ದಾವ.
ಟಾಕಿ ಮುಚ್ಚಳ ಸರಸಿ ಒಂದು ಚರಿಗಿ ತಗದೆ
(ಐದು ದಿನದ ನೀರು,
ಅತ್ತಿ ಇದ್ದಿದ್ರ ಏನಂತಿದ್ಲೋ)
ಅವನ ಕಾಲಿಗಿ ಅರ್ಧ, ನನ್ನ ಕಾಲಿಗಿ ಅರ್ಧ.
"ಯಾರದು ಮೊದಲು ಆರ್ತದ?"

ಸೀರಿ ಎತ್ತಿ ಕಟ್ಟಿ ನಾನೂ ಓಡಿದೆ.
ನಂದು ದೊಡ್ಡ ಪಾದ, ಸೋತೆ.
ಮತ್ತೊಮ್ಮೆ ಅಂದೆ.