ಷರಾ

ವೇಮಗಲ್ಲಿನ ಗೋಡೌನಿನಲ್ಲಿ ನನ್ನ ಕೈಗೊಂದು ಹಾಳೆ ಕೊಟ್ಟರು:
ಡೀಸೆಲ್ಲೋ ಬ್ಯಾಟರಿಯೋ, ಯಾವ ಫೋರ್ಕ್‌ಲಿಫ್ಟ್ ವಾಸಿ,
ಹನ್ನೊಂದು ವರ್ಷ ಓಡಿಸಿದವನು ನೀನು, ಬರಿ.

ಬರೆದೆ.
ಡೀಸೆಲ್ಲಿಗೆ ಐದೇ ನಿಮಿಷ, ಹೊಟ್ಟೆ ತುಂಬಿ ಹೊರಟೇಬಿಡುತ್ತದೆ.
ನೆನೆದ ಅಂಗಳ, ಜಲ್ಲಿ, ಗುಂಡಿ, ಯಾವುದಕ್ಕೂ ಜಗ್ಗುವುದಿಲ್ಲ.
ಆದರೆ ಶಟರ್ ಎಳೆದು ಕೆಲಸ ಮಾಡಿದ ದಿನ
ನನ್ನ ಕರ್ಚೀಫಿನಲ್ಲಿ ಮೂಗಿನದೇ ಎರಡು ಕಪ್ಪು ಗುರುತು.

ಬ್ಯಾಟರಿಯದು ರಾತ್ರಿಯಿಡೀ ಗೋಡೆಗೆ ಬಾಯಿಟ್ಟು ಮಲಗುತ್ತದೆ,
ಕರೆಂಟು ಹೋದರೆ ಬೆಳಗ್ಗೆ ಅದಕ್ಕೂ ನನ್ನ ಹಾಗೆ ಅರೆನಿದ್ದೆ.
ಸೀಟಿನ ಕೆಳಗೆ ಟನ್ನುಗಟ್ಟಲೆ ತೂಕ.
ದಂಡದ ಭಾರ ಅಂದುಕೊಂಡಿದ್ದೆ;
ಹಿಂದೆ ಅಷ್ಟು ಹೊತ್ತಿರುವುದರಿಂದಲೇ
ಮುಂದೆ ಎತ್ತಿದಾಗ ಮುಗ್ಗರಿಸುವುದಿಲ್ಲವಂತೆ.

ಮನೆಯಲ್ಲಿ ಮಗಳು ಅಂಗಿ ಮೂಸಿ ಕೇಳಿದಳು:
"ಇವತ್ತು ಡ್ಯೂಟಿಗೆ ಹೋಗ್ಲಿಲ್ವೇನಪ್ಪ?"

ಇನ್ನೊಂದು ಮಾತಿದೆ, ಹಾಳೆಯಲ್ಲಿ ಅದಕ್ಕೆ ಮನೆ ಗೀಚಿಲ್ಲ.
ಕಸ ಗುಡಿಸುವ ಪಿಳ್ಳಮ್ಮನಿಗೆ ಕಿವಿ ಕೇಳುವುದಿಲ್ಲ.
ಡೀಸೆಲ್ ಬಂದರೆ ನೆಲವೇ ಅವಳ ಅಂಗಾಲಿಗೆ ಹೇಳುತ್ತಿತ್ತು,
ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುತ್ತಿದ್ದಳು.
ನಿನ್ನೆ ಹೊಸದು ಬೆಕ್ಕಿನ ಹಾಗೆ ಹೋಯಿತು.
ಬ್ರೇಕು ಹಿಡಿದಾಗ
ಫೋರ್ಕಿನ ತುದಿಗೂ ಅವಳ ಸೆರಗಿಗೂ ನಡುವೆ
ಒಂದು ಪೊರಕೆಯಷ್ಟು ಜಾಗ.
ಅವಳು ಗುಡಿಸುತ್ತಲೇ ಇದ್ದಳು.

ಸಾರ್, ಬ್ಯಾಟರಿಯದೇ ವಾಸಿ.
ಷರಾ: ಗಾಡಿಗಿಂತ ಮುಂಚೆ ನೆಲಕ್ಕೆ ಬೀಳುವ
ನೀಲಿ ದೀಪವೊಂದು ಬರುತ್ತದಲ್ಲ, ಅದನ್ನು ಹಾಕಿಸಿ.
ಹಾರನ್ನು ಬೇಡ.
ಅವಳು ಯಾವಾಗಲೂ ಕೆಳಗೇ ನೋಡುತ್ತಿರುತ್ತಾಳೆ.