ಸಿನ್ಸ್ ಮತ್ತು ಫಾರ್

ನನ್ನ ಇಂಗ್ಲಿಷಿಗೆ ಸಿಕ್ಕಿರುವ ಹೊತ್ತು ಇಷ್ಟೇ:
ಬಂಗಾರಪೇಟೆಯಿಂದ ನರಸಾಪುರದ ತನಕ ಕಂಪನಿ ಬಸ್ಸು,
ಅದರಲ್ಲೂ ಕೋಲಾರ ದಾಟುವವರೆಗೆ ಬರೀ ನಿದ್ದೆ.
ಉಳಿದದ್ದು ಹದಿನೆಂಟು ನಿಮಿಷ.

ಪಕ್ಕದ ಸೀಟಿನ ಫಿಲೋಮಿನಾ ಕೆಜಿಎಫಿನವಳು,
ಮೊದಲ ಸ್ಟಾಪಿನಿಂದಲೇ ಕಿಟಕಿ ಹಿಡಿದಿರುತ್ತಾಳೆ.
ಅವಳ ಮುತ್ತಾತ ಗಣಿಯೊಳಗೆ
ದೊರೆಗಳ ಬೈಗುಳ ಕೇಳಿ ಕೇಳಿ ಕಲಿತ ಇಂಗ್ಲಿಷು
ಇವಳ ನಾಲಿಗೆ ಮೇಲೆ ಸಾಸಿವೆಯ ಹಾಗೆ ಸಿಡಿಯುತ್ತದೆ.
ನನಗೆ ಅಮ್ಮನ ಹತ್ತಿರ ತೆಲುಗು,
ಇಸ್ಕೂಲಿನಲ್ಲಿ ಕನ್ನಡ,
ಸೂಪರ್‌ವೈಸರ್ ಹತ್ತಿರ ಹರಕು ಹಿಂದಿ.
ನಾಲ್ಕನೆಯದಕ್ಕೆ ಬಾಯಲ್ಲಿ ಜಾಗವಿದೆಯೇ ಎಂದು
ಹಲ್ಲುಗಳನ್ನೇ ಕೇಳಬೇಕು.

ಲೈನಿನಲ್ಲಿ ಮಾತಾಡುವ ಹಾಗಿಲ್ಲ.
ಹನ್ನೊಂದು ಸೆಕೆಂಡಿಗೊಂದು ಫೋನು ಬೋರಲಾಗಿ ಬರುತ್ತದೆ,
ಮೂರು ಸ್ಕ್ರೂ, ಒಂದು ಬೀಪ್, ಮುಂದಕ್ಕೆ.
ಆದರೆ ಮಾಸ್ಕ್ ಇದೆಯಲ್ಲ!
ಅದರೊಳಗೆ ನನ್ನ ತುಟಿ ಏನು ಮಾಡುತ್ತಿದೆ
ಕ್ಯಾಮೆರಾಕ್ಕೂ ಗೊತ್ತಿಲ್ಲ.

ಗೋ, ವೆಂಟ್, ಗಾನ್. ಬೀಪ್.
ಈಟ್, ಏಟ್, ಈಟನ್. ಬೀಪ್.
ಬೈ, ಬಾಟ್, ಬಾಟ್.
ಕಟ್, ಕಟ್, ಕಟ್: ಪಾಪ, ಬಡವರ ಮನೆಯ ಪದ,
ಹಬ್ಬಕ್ಕೂ ಅದೇ ಬಟ್ಟೆ.

ಮಧ್ಯಾಹ್ನಕ್ಕೆ ಮಾಸ್ಕು ಒದ್ದೆ.
ಊಟಕ್ಕೆ ಅರ್ಧ ಗಂಟೆ, ಅದರಲ್ಲಿ ಅರ್ಧ ಕ್ಯೂ.
ಓಟಿ ಅಂದರೆ ರಾತ್ರಿ ಎಂಟು.
ಮನೆ ಸೇರಿ ಪುಸ್ತಕ ಬಿಚ್ಚಿದರೆ
ಅಕ್ಷರಗಳು ಬೆಲ್ಟಿನ ಮೇಲೆ ಸರಿದು ಹೋಗುತ್ತವೆ.
‘ನಿದ್ದೆಯಲ್ಲಿ ಯಾರಿಗೆ ಲೆಕ್ಕ ಒಪ್ಪಿಸ್ತಿದ್ದೆ?’
ಬೆಳಿಗ್ಗೆ ತೆಲುಗಿನಲ್ಲಿ ಕೇಳುತ್ತಾಳೆ ಅಮ್ಮ.

ಸಿನ್ಸ್ ಯಾವಾಗ, ಫಾರ್ ಯಾವಾಗ
ತಿಂಗಳಾದರೂ ಹತ್ತಲಿಲ್ಲ ನನಗೆ.
ಫಿಲೋಮಿನಾ ಕಿಟಕಿಯಾಚೆ ಬೆರಳು ಮಾಡಿದಳು,
ಟೊಮೆಟೊ ತೋಟದ ಬದುವಿನಲ್ಲಿ ಒಂದು ಹಸು.
‘ಗೂಟ ನೋಡು, ಅದು ಸಿನ್ಸ್.
ಹಗ್ಗ ನೋಡು, ಎಷ್ಟುದ್ದ, ಅದು ಫಾರ್.’
ಹಸು ಯಾರು ಅಂತ ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.

ಲೈನ್ ಲೀಡರ್ ಕೆಲಸಕ್ಕೆ ಶನಿವಾರ ಇಂಟರ್‌ವ್ಯೂ.
ಗಾಜಿನ ಕೋಣೆ, ಮೂರು ಜನ, ಏಸಿ.
‘ಮಾಸ್ಕ್ ತೆಗೀರಿ ಮುನಿರತ್ನ,’ ಅಂದರು.
ತೆಗೆದೆ. ಮೂಗು ತಣ್ಣಗಾಯಿತು.
‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್.’
ನನ್ನ ಬಗ್ಗೆ ಬಾಯಿಪಾಠ ಮಾಡಿದ್ದೆಲ್ಲ
ಕೈಯಲ್ಲಿ ಮಡಚಿದ ಆ ನೀಲಿ ಬಟ್ಟೆಯೊಳಗೇ ಉಳಿದಿತ್ತು.
ಹೆಬ್ಬೆರಳು ತಾನಾಗಿ ಸ್ಕ್ರೂ ಹುಡುಕುತ್ತಿತ್ತು.
ಎಷ್ಟು ಹೊತ್ತೋ.

‘ಮೇ ಐ?’ ಅಂದೆ, ಮಾಸ್ಕ್ ತೋರಿಸಿ.
ಅವರು ಮುಖ ಮುಖ ನೋಡಿಕೊಂಡರು.
ಹಾಕಿಕೊಂಡೆ. ನನ್ನದೇ ಉಸಿರು ಬೆಚ್ಚಗೆ ತಿರುಗಿ ಬಂತು.
ಐ ಹ್ಯಾವ್ ಬೀನ್ ಸ್ಟ್ಯಾಂಡಿಂಗ್, ಅಂದೆ,
ಅಟ್ ಸ್ಟೇಷನ್ ಫಾರ್ಟೀನ್,
ಫಾರ್ ಫೋರ್ ಇಯರ್ಸ್.
ಅಷ್ಟು ಹೇಳಿದ್ದು ನೆನಪಿದೆ.
ಆಮೇಲೂ ಏನೋ ಬಂತು, ವ್ಯಾಕರಣ ನೋಡಲಿಲ್ಲ.

ನಡುವಿನವರು ನನ್ನ ಹೆಸರಿನೆದುರು ಏನೋ ಬರೆದರು.
ತಲೆಕೆಳಗಾದದ್ದನ್ನು ಓದುವುದು ನನಗೆ ರೂಢಿ,
ನಾಲ್ಕು ವರ್ಷದಿಂದ ಅದೇ ಕೆಲಸ.
ಆದರೆ ಕಂಡದ್ದು ಡಬ್ಲ್ಯೂ, ಇ.
ಉಳಿದದ್ದು ಅವರ ಕೈಗಡಿಯಾರದ ಕೆಳಗೆ.

ಸೋಮವಾರ ಬಸ್ಸಿನಲ್ಲಿ ನಾನು ಮಲಗಲಿಲ್ಲ.
‘ವೆಲ್ ಇರಬಹುದು,’ ಅಂದಳು ಫಿಲೋಮಿನಾ.
ವೀಕ್? ಯಾವ ವೀಕ್, ವಾರದ್ದೋ, ಕೈಲಾಗದವರದ್ದೋ?
ವೆಲ್ಕಮ್ಮೂ ಅದರಲ್ಲೇ ಶುರು, ವೆಟ್ ಕೂಡ.
ಕೋಲಾರ ಎಡಕ್ಕೆ ಸರಿದು ಹೋಯಿತು.
ಹಸು ಬೇರೆ ಬದುವಿನಲ್ಲಿತ್ತು,
ಗೂಟ ಕಿತ್ತು ಅಲ್ಲಿ ನೆಟ್ಟಿದ್ದರು.

ನರಸಾಪುರದ ಗೇಟು. ಮಾಸ್ಕ್ ಹಾಕಿಕೊಳ್ಳುವಾಗ
ಇನ್ನೊಂದು ನೆನಪಾಯಿತು ಅವಳಿಗೆ:
ವೇರ್, ವೋರ್, ವೋರ್ನ್.
ತೊಡುವುದಕ್ಕೂ ಸವೆಯುವುದಕ್ಕೂ
ಅವರಲ್ಲಿ ಒಂದೇ ಮಾತಂತೆ.
ಇಳಿಯುತ್ತಾ ತುಟಿಗೆ ಹಾಕಿಕೊಂಡೆ.
ಇವತ್ತಿಗೆ ಇದು ಸಾಕು.